ಹೊಳೆದಂಡೆಯ ವಾಸ: ನೀರು, ನಿದ್ರೆ ಮತ್ತು ಜೀವಸಂಕುಲ

ಕಾರ್ತೀಕ ಮಾಸ ಕಳೆದು ಚಳಿ ಹಿಡಿಯುತ್ತಿದ್ದಂತೆ ನಮ್ಮ ಚಿಕಿತ್ಸಾಲಯಕ್ಕೆ ಬರುವ ತಂದೆತಾಯಿಯರು ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಪ್ರಶ್ನೆಯನ್ನು ಕೇಳತೊಡಗಿದ್ದಾರೆ. "ಡಾಕ್ಟ್ರೇ, ಮಗ ಬೆಂಗಳೂರಿನಿಂದ ಸ್ನೇಹಿತರನ್ನು ಕರ್ಕೊಂಡು ಬರ್ತಾನಂತೆ. ಹೊಳೆ ಪಕ್ಕದ ನಮ್ಮ ಗದ್ದೇಲಿ ಟೆಂಟ್ ಹಾಕ್ಕೊಂಡು ಎರಡು ರಾತ್ರಿ ಮಲಗ್ತಾರಂತೆ. ಹಕ್ಕಿ ನೋಡ್ತಾರಂತೆ. ಮೈಗೇನೂ ಆಗಲ್ವಾ?" ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಕ್ರಮವರಿತು ಮಾಡಿದರೆ ಹೊಳೆದಂಡೆಯ ವಾಸವು ಮನಸ್ಸಿಗೂ ಶರೀರಕ್ಕೂ ಹಿತಕರವಾದುದು. ಕ್ರಮ ತಪ್ಪಿದರೆ ಪ್ರಾಣಕ್ಕೇ ಸಂಚಕಾರ ತರುವಂಥದು. ಆದ್ದರಿಂದ ಈ ತಿಂಗಳ ಲೇಖನದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಭಕ್ತಬಂಧುಗಳನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸೋಣ.

ಹಳೆಯ ರೂಢಿಯ ಹೊಸ ರೂಪ

ಬಯಲಿನಲ್ಲಿ ಮಲಗುವುದು ನಮ್ಮ ಹಿರಿಯರಿಗೆ ವಿನೋದವಾಗಿರಲಿಲ್ಲ, ದುಡಿಮೆಯ ಭಾಗವಾಗಿತ್ತು. ಸುಗ್ಗಿಯ ಕಾಲದಲ್ಲಿ ರಾಗಿ, ಭತ್ತದ ಮೆದೆ ಹಾಕಿದ ಮೇಲೆ ಮನೆಗೊಬ್ಬರಂತೆ ಕಣದ ಕಾವಲಿಗೆ ಹೋಗುತ್ತಿದ್ದರು. ಹಂದಿಗಳ ಕಾಟವಿದ್ದ ಕಡೆ ಗದ್ದೆಯಂಚಿನ ಅಟ್ಟಣೆಯ ಮೇಲೆ ರಾತ್ರಿ ಕಳೆಯುತ್ತಿದ್ದರು. ಕಂಬಳಿ ಹೊದ್ದು, ಒಣಹುಲ್ಲಿನ ಮೇಲೆ ಒರಗಿ, ನಕ್ಷತ್ರಗಳನ್ನು ನೋಡಿ ಹೊತ್ತನ್ನು ಅಂದಾಜು ಮಾಡುತ್ತಿದ್ದರು. ಯಾವ ಹಕ್ಕಿ ಯಾವ ಜಾವದಲ್ಲಿ ಕೂಗುತ್ತದೆ, ನರಿಗಳು ಯಾವ ಕಡೆಯಿಂದ ಊಳಿಡುತ್ತವೆ, ನೀರುನಾಯಿಗಳು ಹೊಳೆಯ ಯಾವ ಮಡುವಿಗೆ ಬರುತ್ತವೆ ಎಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಒಕ್ಕಣೆ ಯಂತ್ರಗಳು ಬಂದ ಮೇಲೆ ಕಣಗಳು ಇಲ್ಲವಾದವು. ಅವುಗಳೊಡನೆ ಈ ತಿಳಿವಳಿಕೆಯೂ ಮರೆಯಾಗುತ್ತಿದೆ. ಈಗಿನ ಮಕ್ಕಳು ಟೆಂಟ್ ಹೊತ್ತುಕೊಂಡು ಹೊಳೆದಂಡೆಗೆ ಬರುತ್ತಾರೆಂದರೆ, ಅಜ್ಜ ಬಿಟ್ಟುಹೋದ ಜಾಗಕ್ಕೆ ಮೊಮ್ಮಗ ಬೇರೊಂದು ದಾರಿಯಿಂದ ಬಂದಂತೆ ಎಂದು ನಾನು ಭಾವಿಸುತ್ತೇನೆ. ಆದರೆ ಅಜ್ಜನಿಗಿದ್ದ ಎಚ್ಚರ ಮೊಮ್ಮಗನಿಗಿಲ್ಲ. ಅದನ್ನು ಹೇಳಿಕೊಡಬೇಕಾದದ್ದು ಹಿರಿಯರ ಕರ್ತವ್ಯ.

ನಾಲ್ಕು ತಾಲ್ಲೂಕುಗಳ ದೇಶಗುಣ

ಆಯುರ್ವೇದವು ಭೂಮಿಯನ್ನು ಜಾಂಗಲ, ಆನೂಪ ಮತ್ತು ಸಾಧಾರಣ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ನೀರು ಕಡಿಮೆಯಿದ್ದು, ಗಾಳಿ ಬಿಸಿಲುಗಳು ಹೆಚ್ಚಾಗಿರುವ ಬಯಲುನಾಡು ಜಾಂಗಲ. ಅಲ್ಲಿ ವಾತದ ಪ್ರಾಬಲ್ಯ. ನೀರು, ಮರಗಿಡಗಳು ಹಾಗೂ ತೇವ ಹೆಚ್ಚಾಗಿರುವ ನಾಡು ಆನೂಪ. ಅಲ್ಲಿ ಕಫದ ಪ್ರಾಬಲ್ಯ. ಇವೆರಡರ ಗುಣಗಳೂ ಸಮವಾಗಿ ಬೆರೆತದ್ದು ಸಾಧಾರಣ. ನಮ್ಮ ಜಿಲ್ಲೆಯ ವೈಶಿಷ್ಟ್ಯವೆಂದರೆ ಒಂದೇ ದಿನದ ಪಯಣದಲ್ಲಿ ಈ ಮೂರನ್ನೂ ಕಾಣಬಹುದು. ಅರಕಲಗೂಡಿನ ಪಶ್ಚಿಮದ ಅಂಚು ಕೊಡಗಿಗೂ ಮಲೆನಾಡಿಗೂ ತಾಗಿಕೊಂಡು ಆನೂಪದ ಗುಣ ಹೊಂದಿದೆ. ಹಾಸನ, ಹೊಳೆನರಸೀಪುರಗಳ ಬಹುಭಾಗ ಸಾಧಾರಣ. ಬಂಡೆಗುಡ್ಡಗಳ, ಕೆರೆಗಳ, ತೆಂಗಿನ ತೋಟಗಳ ಚನ್ನರಾಯಪಟ್ಟಣ ಸೀಮೆ ಜಾಂಗಲಕ್ಕೆ ಸಮೀಪವಾದುದು.

ಇದು ಬರಿಯ ಶಾಸ್ತ್ರವಿಚಾರವಲ್ಲ. ಕೀಲುನೋವು, ನಿದ್ರಾಹೀನತೆ, ಒಣಚರ್ಮದ ಬಾಧೆಯಿರುವವರು ಚನ್ನರಾಯಪಟ್ಟಣದ ಬಯಲುಗಾಳಿಯಲ್ಲಿ ಚಳಿಗಾಲದ ರಾತ್ರಿ ಕಳೆದರೆ ಅವು ಉಲ್ಬಣಿಸುತ್ತವೆ. ಉಬ್ಬಸ, ನೆಗಡಿ, ಸೈನಸ್ ತೊಂದರೆಯಿರುವವರು ಕಾವೇರಿ ದಂಡೆಯ ಮಂಜಿನಲ್ಲಿ ಮಲಗಿದರೆ ಮರುದಿನ ಏಳುವುದೇ ಕಷ್ಟವಾಗುತ್ತದೆ. ಮೊದಲ ವರ್ಗದವರು ಮಲಗುವ ಮುನ್ನ ಪಾದಗಳಿಗೂ ಕೀಲುಗಳಿಗೂ ಬೆಚ್ಚಗಿನ ಎಳ್ಳೆಣ್ಣೆ ಸವರಿಕೊಂಡು, ಕಿವಿ ಮುಚ್ಚುವಂತೆ ಟೋಪಿ ಧರಿಸಬೇಕು. ಎರಡನೆಯ ವರ್ಗದವರು ಹಗಲಿಡೀ ಹೊಳೆಯ ಬಳಿ ಕಳೆದು ರಾತ್ರಿ ಸೂರಿನಡಿಗೆ ಬರುವುದೇ ಲೇಸು.

ಹಕ್ಕಿಗಳು ಹೇಳುವ ನೀರಿನ ಗುಣ

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸನೀಯವೆಂಬ ಒಂದು ಅಧ್ಯಾಯವಿದೆ. ಭಿನ್ನ ಪ್ರಕೃತಿಯ, ಭಿನ್ನ ಆಹಾರದ ಜನರೆಲ್ಲ ಏಕಕಾಲದಲ್ಲಿ ರೋಗಕ್ಕೆ ತುತ್ತಾಗುವುದೇಕೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ. ಗಾಳಿ, ನೀರು, ನೆಲ ಮತ್ತು ಕಾಲ ಎಂಬ ನಾಲ್ಕು ಎಲ್ಲರಿಗೂ ಸಮಾನವಾದವು. ಇವು ಕೆಟ್ಟರೆ ಊರಿಗೆ ಊರೇ ಕೆಡುತ್ತದೆ. ಕೆಟ್ಟ ನೀರಿನ ಲಕ್ಷಣಗಳನ್ನು ಹೇಳುವಾಗ ಆಚಾರ್ಯರು ವಾಸನೆ, ಬಣ್ಣ, ರುಚಿ, ಸ್ಪರ್ಶಗಳ ವಿಕಾರದೊಡನೆ ಇನ್ನೊಂದನ್ನೂ ಸೇರಿಸುತ್ತಾರೆ: ನೀರುಹಕ್ಕಿಗಳು ತೊರೆದುಹೋದ, ನೀರಿನೊಳಗಿನ ಜೀವಿಗಳು ಕ್ಷೀಣಿಸಿದ ನೀರು ಕೆಟ್ಟ ನೀರು. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಈ ಮಾತಿನ ಹಿಂದೆ ಎಷ್ಟು ಸೂಕ್ಷ್ಮವಾದ ವೀಕ್ಷಣೆಯಿರಬೇಕೆಂದು ಯೋಚಿಸಿ. ಹಕ್ಕಿ ನೋಡುವುದನ್ನು ಕಾಲಹರಣವೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಹೇಮಾವತಿಯು ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು, ಯಗಚಿಯನ್ನು ಕೂಡಿಕೊಂಡು, ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಹೊಳೆನರಸೀಪುರದ ಪಕ್ಕದಲ್ಲಿ ಹರಿದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಸುಮಾರು 245 ಕಿಲೋಮೀಟರಿನ ಈ ಹಾದಿಯಲ್ಲಿ ಕಾಫಿ ತೋಟಗಳ, ಗದ್ದೆಗಳ, ಊರುಗಳ ಬಸಿನೀರೆಲ್ಲ ಬಂದು ಬೀಳುತ್ತದೆ. ಈ ನೀರಿನ ಸ್ಥಿತಿಯನ್ನು ಪ್ರಯೋಗಾಲಯಕ್ಕೆ ಮೊದಲೇ ಹೇಳಬಲ್ಲವರು ಅದರ ನಿವಾಸಿಗಳು. ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿದು ಬಾಣದಂತೆ ಎರಗುವ ಕಪ್ಪುಬಿಳುಪಿನ ಮಿಂಚುಳ್ಳಿಗೆ ಮೀನು ಕಾಣುವಷ್ಟು ತಿಳಿಯಾದ ನೀರು ಬೇಕು. ಕತ್ತನ್ನು ಮಾತ್ರ ಹೊರಚಾಚಿ ಈಜುವ ಹಾವಕ್ಕಿಯು ನೀರಿನೊಳಗೇ ಮೀನನ್ನು ಬೆನ್ನಟ್ಟುತ್ತದೆ. ಬಾಯಿಕಳಕ ಕೊಕ್ಕರೆಗೆ ಬಸವನಹುಳುಗಳು ಬೇಕು. ನೀರುನಾಯಿಗಳ ಕುಟುಂಬವಿರುವ ಮಡುವಿನಲ್ಲಿ ಮೀನಿನ ಸಮೃದ್ಧಿಯಿದೆಯೆಂದು ಅರ್ಥ. ಇವೆಲ್ಲ ಮರೆಯಾಗಿ, ಅಂತರಗಂಗೆಯಂತಹ ಜಲಕಳೆ ನೀರನ್ನು ಮುಚ್ಚಿಕೊಂಡಿದ್ದರೆ, ಮೇಲಿನಿಂದ ಕೊಳಚೆಯೋ ಗೊಬ್ಬರದ ಅಂಶವೋ ಸೇರುತ್ತಿದೆಯೆಂದು ಶಂಕಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಕ್ಕಿಗಳಿಲ್ಲದ ನೀರು ಕೆಟ್ಟದ್ದೆಂದು ಹೇಳಬಹುದು. ಹಕ್ಕಿಗಳಿರುವ ನೀರೆಲ್ಲ ಕುಡಿಯಲು ಯೋಗ್ಯವೆಂದು ಹೇಳಲಾಗದು. ಟೈಫಾಯಿಡ್, ಕಾಮಾಲೆಗಳ ಕ್ರಿಮಿಗಳು ಕಣ್ಣಿಗೆ ಕಾಣುವುದಿಲ್ಲ. ಶರದೃತುವಿನಲ್ಲಿ ಹಗಲು ಸೂರ್ಯನಿಂದ ಕಾದು ಇರುಳು ಚಂದ್ರನಿಂದ ತಣಿದ ನೀರನ್ನು ಗ್ರಂಥಗಳು ಹಂಸೋದಕವೆಂದು ಹೊಗಳಿವೆಯಾದರೂ, ಆ ಕಾಲದ ಹೊಳೆಗೆ ಊರಿನ ಚರಂಡಿ ಸೇರುತ್ತಿರಲಿಲ್ಲ. ಈಗ ಹೊಳೆಯ ನೀರನ್ನು ಚೆನ್ನಾಗಿ ಕುದಿಸಿ ಆರಿಸದೆ ಕುಡಿಯಲೇಬಾರದು. ಮನೆಯಿಂದ ನೀರು ಒಯ್ಯುವುದು ಇನ್ನೂ ಉತ್ತಮ.

ಎಲ್ಲಿ, ಹೇಗೆ ನೋಡಬೇಕು

ಕಾವೇರಿ ದಂಡೆಯ ರಾಮನಾಥಪುರದಲ್ಲಿ ವಹ್ನಿ ಪುಷ್ಕರಿಣಿಯ ಮೀನುಗಳನ್ನು ಭಕ್ತರು ತಲೆಮಾರುಗಳಿಂದ ಹಿಡಿಯದೆ ಕಾಪಾಡಿಕೊಂಡು ಬಂದಿದ್ದಾರೆ. ಮೆಟ್ಟಿಲ ಮೇಲೆ ಕುಳಿತರೆ ಸಾಕು, ದೊಡ್ಡ ದೊಡ್ಡ ಮಹಶೀರ್ ಮೀನುಗಳು ಕಾಲಬುಡಕ್ಕೆ ಬರುತ್ತವೆ. ಮಹಶೀರ್‌ಗಳಲ್ಲಿ ಕಾವೇರಿ ಕೊಳ್ಳಕ್ಕೆ ಮಾತ್ರ ಸೀಮಿತವಾದ ಒಂದು ಜಾತಿಯನ್ನು 2018ರಲ್ಲಿ ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟವು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ. ಶ್ರದ್ಧೆಯಿಂದ ಉಳಿದುಕೊಂಡ ಇಂತಹ ಮಡುಗಳ ಬೆಲೆ ಈಗ ಎಲ್ಲರಿಗೂ ತಿಳಿಯುತ್ತಿದೆ. ಮಂಡಕ್ಕಿ ಹಾಕುವವರು ಅದರ ಪ್ಲಾಸ್ಟಿಕ್ ಚೀಲವನ್ನು ನೀರಿಗೆ ಬಿಡದಿದ್ದರೆ ಅಷ್ಟೇ ಪುಣ್ಯ.

ಹಾಸನ ತಾಲ್ಲೂಕಿನ ಗೊರೂರು ಹಿನ್ನೀರಿನಲ್ಲಿ, ಶೆಟ್ಟಿಹಳ್ಳಿಯ ಮುಳುಗಡೆಯ ಚರ್ಚಿನ ಆಸುಪಾಸಿನಲ್ಲಿ, ಬೇಸಿಗೆಗೆ ನೀರು ಇಳಿದಾಗ ವಿಶಾಲವಾದ ಹುಲ್ಲುಬಯಲು ತೆರೆದುಕೊಳ್ಳುತ್ತದೆ. ನೀರುಕಾಗೆ, ಬೆಳ್ಳಕ್ಕಿ, ಕೊಕ್ಕರೆಗಳಿಗೆ ಅದು ಮೇವಿನ ತಾಣ. ಚನ್ನರಾಯಪಟ್ಟಣದ ಕಡೆಯ ಕೆರೆಗಳಲ್ಲಿ ಗುಳುಮುಳುಕ, ನಾಮದ ಕೋಳಿಗಳನ್ನೂ, ಬಂಡೆಗುಡ್ಡಗಳ ಬದಿಯಲ್ಲಿ ನವಿಲು, ಮೊಲ, ಮುಂಗುಸಿಗಳನ್ನೂ ನೋಡಬಹುದು. ಚಳಿಗಾಲದಲ್ಲಿ ಬಾಲ ಕುಣಿಸುತ್ತ ನೀರಂಚಿನಲ್ಲಿ ಓಡಾಡುವ ಸಿಪಿಲೆ ಹಕ್ಕಿಗಳಲ್ಲಿ ಹಲವು ಉತ್ತರದ ತಣ್ಣನೆಯ ನಾಡುಗಳಿಂದ ಬಂದ ಅತಿಥಿಗಳು.

ನೋಡುವ ಕ್ರಮ ಸರಳವಾದುದು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಒಂದೆಡೆ ಕುಳಿತು, ಮಾತನಾಡದೆ, ಒಂದು ಗಂಟೆ ಕಾಲ ಅಲುಗದೆ ಇರಬೇಕು. ಮಣ್ಣಿನ ಅಥವಾ ಎಲೆಯ ಬಣ್ಣದ ಬಟ್ಟೆ ಸಾಕು. ಹತ್ತಿರ ಹೋಗುವ, ಕಲ್ಲೆಸೆದು ಹಾರಿಸುವ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಚಪಲ ಬೇಡ. ಬೇಸಿಗೆಯಲ್ಲಿ ಟಿಟ್ಟಿಭ ಹಕ್ಕಿಯು ಬರಿಯ ನೆಲದ ಮೇಲೆ, ರೀವ ಹಕ್ಕಿಗಳು ಮರಳುದಿಬ್ಬದ ಮೇಲೆ ಮೊಟ್ಟೆಯಿಡುತ್ತವೆ. ತಲೆಯ ಮೇಲೆ ಹಕ್ಕಿ ಚೀರುತ್ತ ಸುತ್ತಿದರೆ ಅಲ್ಲಿ ಗೂಡಿದೆಯೆಂದರಿತು ಬಂದ ದಾರಿಯಲ್ಲೇ ಹಿಂದಿರುಗಬೇಕು.

ನಿದ್ರೆಗೂ ಕಣ್ಣಿಗೂ ಆಗುವ ಲಾಭ

ನನ್ನ ಬಳಿಗೆ ನಿದ್ರಾಹೀನತೆಗಾಗಿ ಬರುವವರಲ್ಲಿ ಇಪ್ಪತ್ತು ಮೂವತ್ತರ ಹರೆಯದವರೇ ಈಗ ಹೆಚ್ಚು. ರಾತ್ರಿ ಒಂದು ಗಂಟೆಯವರೆಗೆ ಫೋನಿನ ಬೆಳಕು, ಬೆಳಿಗ್ಗೆ ಒಂಬತ್ತರವರೆಗೆ ಮುಚ್ಚಿದ ಕೋಣೆ ಎಂಬುದೇ ಅವರ ದಿನಚರಿ. ರಾತ್ರಿ ಜಾಗರಣೆಯು ಶರೀರದಲ್ಲಿ ರೂಕ್ಷತೆಯನ್ನು, ಹಗಲುನಿದ್ರೆಯು ಸ್ನಿಗ್ಧತೆಯನ್ನು ಹೆಚ್ಚಿಸುತ್ತದೆಯೆಂದು ಚರಕರು ಹೇಳಿದ್ದಾರೆ. ಈ ಮಕ್ಕಳಲ್ಲಿ ಎರಡೂ ಏಕಕಾಲದಲ್ಲಿ ಕಾಣುತ್ತವೆ: ಒಣಗಿದ ಕಣ್ಣು, ಭಾರವಾದ ಹೊಟ್ಟೆ.

2013ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಎಂಟು ಮಂದಿಯನ್ನು ಒಂದು ವಾರ ಪರ್ವತ ಪ್ರದೇಶದ ಡೇರೆಗಳಲ್ಲಿ ಇರಿಸಿದರು. ವಿದ್ಯುದ್ದೀಪವಿಲ್ಲ, ಫೋನಿಲ್ಲ, ಹಗಲಿಗೆ ಸೂರ್ಯ, ಇರುಳಿಗೆ ಬೆಂಕಿಯ ಬೆಳಕು ಮಾತ್ರ. ವಾರದ ಕೊನೆಗೆ ಅವರ ಶರೀರದೊಳಗಿನ ಗಡಿಯಾರ ಸುಮಾರು ಎರಡು ಗಂಟೆ ಹಿಂದಕ್ಕೆ ಸರಿದು, ಸೂರ್ಯಾಸ್ತ ಸೂರ್ಯೋದಯಗಳಿಗೆ ಹೊಂದಿಕೊಂಡಿತ್ತು. ಸಣ್ಣ ಅಧ್ಯಯನವಾದರೂ ನಮ್ಮ ದಿನಚರ್ಯೆಯ ಬ್ರಾಹ್ಮೀ ಮುಹೂರ್ತದ ಉಪದೇಶಕ್ಕೆ ಅದು ಪೂರಕವಾಗಿದೆ. ಹೊರಾಂಗಣದಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ಕಡಿಮೆಯೆಂಬುದನ್ನೂ ನೇತ್ರವೈದ್ಯರು ಒಪ್ಪುತ್ತಾರೆ. ಹೊಳೆದಂಡೆಗೆ ಹೋಗಿ ಅಲ್ಲಿಯೂ ರಾತ್ರಿಯಿಡೀ ಸ್ಪೀಕರ್ ಹಾಕಿ ಕುಣಿದರೆ ಮಾತ್ರ ಈ ಯಾವ ಲಾಭವೂ ದೊರೆಯದು. ಮದ್ಯಪಾನದ ವಿಚಾರವನ್ನಂತೂ ಇಲ್ಲಿ ಬೇರೆಯಾಗಿ ಹೇಳಬೇಕಾಗಿಲ್ಲ. ಕುಡಿದು ನೀರಿಗಿಳಿದವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ.

ತಂಗುವ ಜಾಗ

ಮಳೆಗಾಲದಲ್ಲಿ ಈ ಸಾಹಸ ಬೇಡವೇ ಬೇಡ. ಗೊರೂರಿನಲ್ಲಿ ಬಾಗಿಲು ತೆರೆದರೆ ಹೊಳೆನರಸೀಪುರದ ಕಡೆಗೂ, ಹಾರಂಗಿಯಿಂದ ನೀರು ಬಿಟ್ಟರೆ ಕೊಣನೂರು, ರಾಮನಾಥಪುರಗಳ ಕಡೆಗೂ ಪ್ರವಾಹ ಬರುತ್ತದೆ. ಸ್ಥಳದಲ್ಲಿ ಹನಿ ಮಳೆಯಿಲ್ಲದಿದ್ದರೂ ಹೊಳೆ ಏರಬಹುದು. ಯಾವ ಕಾಲದಲ್ಲಿಯೂ ನಡುಗಡ್ಡೆಯ ಮೇಲೆ, ಮರಳಿನ ದಿಬ್ಬದ ಮೇಲೆ ಮಲಗಬಾರದು. ದಂಡೆಯ ಮರಗಳಲ್ಲಿ ಕಸಕಡ್ಡಿ ಸಿಕ್ಕಿಕೊಂಡಿರುವ ಎತ್ತರವೇ ಹಿಂದಿನ ನೆರೆಯ ಗುರುತು. ಅದಕ್ಕಿಂತ ಮೇಲಿನ ಗಟ್ಟಿನೆಲವನ್ನು ಆರಿಸಿಕೊಳ್ಳಬೇಕು. ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಆದ್ದರಿಂದ ಈಜು ಬಲ್ಲವರೂ ಅಪರಿಚಿತ ಮಡುವಿಗೆ ಇಳಿಯಬಾರದು. ನಾಲೆಗಳ ಸಿಮೆಂಟಿನ ಇಳಿಜಾರು ಪಾಚಿಗಟ್ಟಿರುತ್ತದೆ. ಜಾರಿದವರಿಗೆ ಹಿಡಿಯಲು ಏನೂ ಸಿಗದು.

ಮೀಸಲು ಅರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗುವುದು ಅಪರಾಧ. ಸ್ವಂತ ಅಥವಾ ಪರಿಚಿತರ ಜಮೀನಿನಲ್ಲಿ, ಊರಿನವರಿಗೆ ತಿಳಿಸಿ ತಂಗುವುದೇ ಸರಿ. ಆಲೂರು, ಸಕಲೇಶಪುರ, ಬೇಲೂರುಗಳಲ್ಲಿರುವಂತೆ ಅರಕಲಗೂಡಿನ ಪಶ್ಚಿಮದ ಹಳ್ಳಿಗಳಲ್ಲಿಯೂ ಕಾಡಾನೆಗಳ ಸಂಚಾರವಿದೆ. ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನನಂತಹ ಅನುಭವಿ ಆನೆಯೇ 2023ರ ಡಿಸೆಂಬರ್ 4ರಂದು ಯಸಳೂರಿನ ಕಾಡಿನಲ್ಲಿ ಕಾಡಾನೆಯೊಡನೆ ಕಾದಾಡಿ ಪ್ರಾಣಬಿಟ್ಟಿತೆಂಬುದನ್ನು ನೆನೆದರೆ, ಬಟ್ಟೆಯ ಡೇರೆಯ ಬಲವೆಷ್ಟೆಂದು ತಿಳಿಯುತ್ತದೆ. ಆನೆ ಬರುವ ಸೀಮೆಯಲ್ಲಿ ಬಯಲುವಾಸ ಸಲ್ಲದು. ಮೊಸಳೆಯಿದೆಯೆಂದು ಊರಿನವರು ಹೇಳುವ ಮಡುವಿನ ಬಳಿಯೂ ಹಾಗೆಯೇ. ಚಿರತೆಯ ಸುಳಿವಿರುವ ಕಡೆ ಮಕ್ಕಳನ್ನು ಮುಸ್ಸಂಜೆಯ ನಂತರ ಒಂಟಿಯಾಗಿ ಬಯಲಿಗೆ ಕಳುಹಿಸಬಾರದು.

ಹಾವು: ಒಂದು ಗಂಟೆಯ ಬೆಲೆ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಕೆಲವು ವರ್ಷಗಳ ಹಿಂದೆ ಒಬ್ಬ ಯುವಕನನ್ನು ಬೆಳಗಿನ ಜಾವ ನನ್ನ ಮನೆಗೆ ಕರೆತಂದರು. ಪಂಪ್‌ಸೆಟ್ ಮನೆಯ ನೆಲದ ಮೇಲೆ ಮಲಗಿದ್ದವನಿಗೆ ಹೊಟ್ಟೆನೋವು, ಗಂಟಲು ಹಿಡಿದಂತಾಗಿದೆ, ಕಷಾಯ ಕೊಡಿ ಎಂದರು. ಅವನ ಕಣ್ಣಿನ ರೆಪ್ಪೆಗಳು ಜೋತುಬಿದ್ದಿದ್ದವು. ಮೈಮೇಲೆ ಗಾಯದ ಗುರುತು ಸ್ಪಷ್ಟವಾಗಿರಲಿಲ್ಲ. ಅದು ಕಟ್ಟುಹಾವಿನ ಕಡಿತದ ಲಕ್ಷಣವೆಂದು ತಿಳಿಸಿ, ಯಾವ ಔಷಧವನ್ನೂ ಕೊಡದೆ, ಅದೇ ವಾಹನದಲ್ಲಿ ಆಸ್ಪತ್ರೆಗೆ ಕಳುಹಿಸಿದೆ. ಉಸಿರಾಟದ ಯಂತ್ರದ ಆಸರೆಯಲ್ಲಿ ಕೆಲವು ದಿನ ಕಳೆದು ಅವನು ಬದುಕಿ ಬಂದ. ದಾರಿಯಲ್ಲಿ ಮಂತ್ರ ಹಾಕಿಸಲು ಇಳಿದಿದ್ದರೆ ಬರುತ್ತಿರಲಿಲ್ಲ.

ಕಟ್ಟುಹಾವು ರಾತ್ರಿ ಸಂಚರಿಸುತ್ತದೆ. ನೆಲದ ಮೇಲೆ ಮಲಗಿದವರ ಹಾಸಿಗೆಯೊಳಗೂ ಸೇರುತ್ತದೆ. ಅದರ ಕಡಿತದಲ್ಲಿ ನೋವಾಗಲಿ ಊತವಾಗಲಿ ಬಹಳ ಕಡಿಮೆ. ಆದ್ದರಿಂದ ಬಯಲಿನಲ್ಲಿ ಮಲಗುವವರು ಮಂಚವನ್ನೋ, ಜಿಪ್ ಪೂರ್ತಿ ಮುಚ್ಚುವ ಟೆಂಟನ್ನೋ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆಯನ್ನೋ ಬಳಸಲೇಬೇಕು. ಕತ್ತಲಲ್ಲಿ ಟಾರ್ಚ್ ಇಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದು. ಬೆಳಿಗ್ಗೆ ಬೂಟುಗಳನ್ನು ಕೊಡವಿ ಹಾಕಿಕೊಳ್ಳಬೇಕು. ಉಳಿದ ಅನ್ನ ಚೆಲ್ಲಿದರೆ ಇಲಿ ಬರುತ್ತದೆ. ಇಲಿಯ ಹಿಂದೆ ಹಾವು ಬರುತ್ತದೆ.

ಕಡಿತವಾದರೆ ಗಾಯವನ್ನು ಕೊಯ್ಯಬಾರದು, ಚೀಪಬಾರದು, ಬಿಗಿಯಾಗಿ ಕಟ್ಟಬಾರದು, ಸೊಪ್ಪು ಅರೆದು ಹಚ್ಚಬಾರದು. ಉಂಗುರ, ಗಡಿಯಾರಗಳನ್ನು ತೆಗೆದು, ಕಡಿತವಾದ ಅಂಗವನ್ನು ಅಲುಗದಂತಿರಿಸಿ, ರೋಗಿಯನ್ನು ನಡೆಸದೆ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಒಯ್ಯಬೇಕು. ಹಾವನ್ನು ಹುಡುಕಿ ಕೊಲ್ಲಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದು ಬೇಡ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷದ ಚುಚ್ಚುಮದ್ದು ಸಲ್ಲುತ್ತದೆ. ಆಯುರ್ವೇದದಲ್ಲಿ ಅಗದತಂತ್ರವೆಂಬ ವಿಷಚಿಕಿತ್ಸೆಯ ಅಂಗವೇ ಇದೆ. ಅದನ್ನು ಓದಿಯೇ ಪದವಿ ಪಡೆದವನಾಗಿ ಹೇಳುತ್ತೇನೆ: ಹಾವಿನ ಕಡಿತಕ್ಕೆ ಇಂದು ಪ್ರತಿವಿಷವೇ ಚಿಕಿತ್ಸೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು. ಇದರ ಗಾಂಭೀರ್ಯ ಅಷ್ಟಿದೆ. ತಂಗಲು ಹೋಗುವ ಮುನ್ನವೇ ಸಮೀಪದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಲಭ್ಯವಿದೆಯೆಂದು ವಿಚಾರಿಸಿಕೊಂಡಿರಬೇಕು.

ಹಿಂದಿರುಗಿದ ಮೇಲಿನ ಜ್ವರ

ಪೊದೆಗಳ ನಡುವೆ ಓಡಾಡಿ ಬಂದ ಎರಡು ವಾರಗಳೊಳಗೆ ಜ್ವರ ಬಂದರೆ, ವೈದ್ಯರಿಗೆ ಹೊಳೆದಂಡೆಯ ವಾಸದ ವಿಷಯವನ್ನು ಮರೆಯದೆ ತಿಳಿಸಬೇಕು. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ಮೀನಖಂಡದ ತೀವ್ರ ನೋವು, ಕೆಂಪಾದ ಕಣ್ಣು ಅದರ ಸೂಚನೆಗಳು. ಕಾಲಿನಲ್ಲಿ ಗಾಯವಿರುವವರು ಕೆಸರುನೀರಿಗೆ ಇಳಿಯಬಾರದು. ಪೊದೆಯ ನುಸಿಗಳಿಂದ ಸ್ಕ್ರಬ್ ಟೈಫಸ್ ಬರುತ್ತದೆ. ಸೊಂಟ, ಕಂಕುಳು, ತೊಡೆಸಂದಿಯಲ್ಲಿ ಬೆಂಕಿ ತಗುಲಿದಂತಹ ಕಪ್ಪು ಹೆಪ್ಪು ಕಾಣಬಹುದು. ಎರಡೂ ಬೇಗ ಗುರುತಿಸಿದರೆ ಸುಲಭವಾಗಿ ಗುಣವಾಗುವ, ತಡವಾದರೆ ಅಂಗಾಂಗಗಳನ್ನು ಕೆಡಿಸುವ ಕಾಯಿಲೆಗಳು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯು ಉಣುಗುಗಳಿಂದ ಹರಡುತ್ತದೆ. ಮಲೆನಾಡಿನ ಕಾಡಂಚಿಗೆ ಹೋಗುವವರು ತುಂಬುತೋಳಿನ ಬಟ್ಟೆ ಧರಿಸಿ, ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ, ಮೈಯನ್ನು ಪರೀಕ್ಷಿಸಿಕೊಳ್ಳಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕೋತಿ, ನಾಯಿ, ನರಿ ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ಅಂದೇ ಲಸಿಕೆ ಪಡೆಯಬೇಕು. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು.

ಆಹಾರ ಮತ್ತು ಅಗ್ನಿ

ಹೇಮಂತ, ಶಿಶಿರ ಋತುಗಳಲ್ಲಿ ಜಠರಾಗ್ನಿ ಪ್ರಬಲವಾಗಿರುತ್ತದೆ. ಬಯಲಿನ ವಾಸಕ್ಕೆ ಈ ಕಾಲವೇ ಯೋಗ್ಯ. ಅಕ್ಕಿರೊಟ್ಟಿ ಅಥವಾ ರಾಗಿರೊಟ್ಟಿ, ಹುಚ್ಚೆಳ್ಳು ಪುಡಿ, ತುಪ್ಪ, ಅವರೆಕಾಳಿನ ಬಿಸಿ ಸಾರು ಇದ್ದರೆ ಬೇರೆ ಪೊಟ್ಟಣದ ತಿಂಡಿಗಳ ಅಗತ್ಯವಿಲ್ಲ. ಊಟ ಕತ್ತಲಾಗುವ ಮುನ್ನ ಮುಗಿಯಲಿ. ರಾತ್ರಿ ಮೊಸರು ಬೇಡ. ಒಣಶುಂಠಿ, ಮೆಣಸು, ಜೀರಿಗೆ, ಧನಿಯದ ಕಷಾಯವನ್ನು ಬೆಲ್ಲದೊಡನೆ ಬಿಸಿಯಾಗಿ ಕುಡಿದು ಮಲಗಿದರೆ ಶೀತಬಾಧೆ ಕಡಿಮೆ. ಮಧುಮೇಹಿಗಳು ಬೆಲ್ಲ ಬಿಡಬೇಕು. ಮಧುಮೇಹ, ರಕ್ತದೊತ್ತಡದವರು ತಮ್ಮ ಮಾತ್ರೆಗಳನ್ನು ಮರೆಯದೆ ಒಯ್ಯಬೇಕು. ಕತ್ತಲಿಗೆ ಹೆದರಿ ಮಲಮೂತ್ರಗಳ ವೇಗವನ್ನು ತಡೆಹಿಡಿಯುವುದು ರೋಗಕ್ಕೆ ಮೂಲ. ನೀರಿನಿಂದ ನೂರು ಹೆಜ್ಜೆ ದೂರದಲ್ಲಿ ಗುಂಡಿ ತೋಡಿ ಮಣ್ಣು ಮುಚ್ಚಬೇಕು. ಬೆಂಕಿ ಹಾಕಿದ್ದರೆ ನೀರು ಸುರಿದು ಬೂದಿ ತಣ್ಣಗಾದುದನ್ನು ಕೈಯಿಂದ ಮುಟ್ಟಿ ನೋಡಿಯೇ ಹೊರಡಬೇಕು. ಬೇಸಿಗೆಯಲ್ಲಿ ಬೆಂಕಿಯೇ ಬೇಡ.

ಭಕ್ತಬಂಧುಗಳಲ್ಲಿ ನನ್ನದೊಂದು ವಿನಂತಿ. ಪ್ರತಿ ಮನೆಯಲ್ಲೂ ಮಗುವಿನ ಲಸಿಕೆಯ ಕಾರ್ಡನ್ನು ಜೋಪಾನವಾಗಿಡುತ್ತೇವೆ. ಹಾಗೆಯೇ ಹೊಳೆ, ಕೆರೆಯ ಸಮೀಪದಲ್ಲಿರುವವರು ಒಂದು ನೋಟ್‌ಬುಕ್ ಇಡಲಿ. ತಿಂಗಳಿಗೊಮ್ಮೆ ಮಕ್ಕಳೊಡನೆ ಅದೇ ಜಾಗಕ್ಕೆ ಹೋಗಿ ಒಂದು ಗಂಟೆ ಕುಳಿತು, ಕಂಡ ಹಕ್ಕಿ, ಮೀನು, ಕಪ್ಪೆ, ಆಮೆಗಳ ಹೆಸರನ್ನೂ ನೀರಿನ ಬಣ್ಣ ವಾಸನೆಗಳನ್ನೂ ಬರೆಯಲಿ. ಹೆಸರು ತಿಳಿಯದಿದ್ದರೆ ಊರಿನ ಹಿರಿಯರನ್ನು ಕೇಳಲಿ. ಕಣ ಕಾಯ್ದವರು ಇನ್ನೂ ಕೆಲವರು ಇದ್ದಾರೆ. ಮೂರು ವರ್ಷ ಬರೆದರೆ ನಿಮ್ಮ ಹೊಳೆ ಗುಣಮುಖವಾಗುತ್ತಿದೆಯೋ ಕಾಯಿಲೆ ಬೀಳುತ್ತಿದೆಯೋ ತಿಳಿಯುತ್ತದೆ. ತೋಟಾ ಸಿಡಿಸಿ ಮೀನು ಹಿಡಿಯುವುದು, ಕೊಳಚೆ ಬಿಡುವುದು ಕಂಡಾಗ ಗ್ರಾಮ ಪಂಚಾಯಿತಿಯ ಮುಂದಿಡಲು ಆ ಬರಹವೇ ಸಾಕ್ಷಿಯಾಗುತ್ತದೆ. ರೋಗ ಬಂದ ಮೇಲೆ ಔಷಧ ಕೊಡುವುದು ನಮ್ಮಂಥವರ ಕೆಲಸ. ಎಲ್ಲರೂ ಕುಡಿಯುವ ನೀರು ಕೆಡದಂತೆ ನೋಡಿಕೊಳ್ಳುವುದು ಎಲ್ಲರ ಕೆಲಸ.